ಎರಡು ಮನೆಯ ಹೊಗೆ

ಜುಲೈ 6, ಗುರುವಾರ

ಈ ನೋಟ್‌ಬುಕ್ಕನ್ನು ನರ್ಸ್ ಮಬೆಲ್ ಕೊಟ್ಟದ್ದು ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ದಿನಾ ಗುರುತು ಹಾಕುವುದಕ್ಕೆ. ನುಂಗಿದೆ. ಒಂದು ಗುರುತಿಗೋಸ್ಕರ ಒಂದಿಡೀ ಪುಟ ಯಾಕೆ ಹಾಳುಮಾಡಬೇಕು? ಉಳಿದ ಜಾಗ ನನ್ನದು. ತೋಚಿದ್ದು ಬರೆಯುತ್ತೇನೆ, ಕೇಳುವವರು ಯಾರಿದ್ದಾರೆ.

ಬೆಳಗಿನಿಂದ ಗಾಳಿ ನಿಂತಿದೆ. ಪಟಗೋನಿಯಾದ ಈ ಬಯಲಿನಲ್ಲಿ, ಜುಲೈನ ನಡುಚಳಿಗಾಲದಲ್ಲಿ, ಗಾಳಿ ನಿಂತಿತೆಂದರೆ ಒಳ್ಳೆಯದಕ್ಕಲ್ಲ. ಕುರಿಗಳು ಯಾರೂ ಹೊಡೆಯದೆ ತಾವಾಗಿಯೇ ಬಂಡೆಯ ಮರೆಗೆ ಇಳಿದು ಬಂದಿವೆ. ನನ್ನ ನಾಯಿ ಕಪಿತಾನ್ ಮಂಚದ ಕೆಳಗೆ ಸೇರಿಕೊಂಡಿದ್ದಾನೆ. ಹೆಸರಿಗೆ ಕ್ಯಾಪ್ಟನ್, ಧೈರ್ಯ ಇಲಿಯದು.

ಮಧ್ಯಾಹ್ನ ರೇಡಿಯೊದಲ್ಲಿ ‘ಹಳ್ಳಿಗಾಡಿನವರಿಗೆ ಸಂದೇಶ’ ಬಂತು. ಫೋನಿಲ್ಲದ ನಮಗೆಲ್ಲ ಅದೇ ಫೋನು, ಅದೇ ಅಂಚೆ. ಯಾರದೋ ಕುದುರೆ ಕುಂಟುತ್ತಿದೆ, ಯಾರಿಗೋ ಹೆಣ್ಣು ಮಗು, ಯಾರೋ ಶುಕ್ರವಾರದ ಬದಲು ಶನಿವಾರ ಬರುತ್ತಾರೆ. ಆಮೇಲೆ ನನ್ನ ಹೆಸರು. “ಡೊರಾಲಿಸಾ ಪೈನೆಫಿಲ್ ಅವರಿಗೆ ನರ್ಸ್ ಮಬೆಲ್ ತಿಳಿಸುವುದು: ದೊಡ್ಡ ಹಿಮ ಬರ್ತಾ ಇದೆ. ಹಠ ಮಾಡದೆ ನಾಳೆಯೇ ಪಟ್ಟಣಕ್ಕೆ ಬನ್ನಿ. ನಮ್ಮನೇಲಿ ಮಂಚ ಖಾಲಿ ಇದೆ.” ನಾನು ಹಠಮಾರಿ ಎಂದು ಇಡೀ ಜಿಲ್ಲೆಗೆ ಡಂಗುರ ಹೊಡೆದಂತಾಯಿತು.

ಹೋಗುವುದಿಲ್ಲ. ಅಂತಿಲೆಫ್ ಮನೆಯವರು ಹೆರಿಗೆಗೆಂದು ಒಂದೇ ಒಂದು ಚಳಿಗಾಲ ಪಟ್ಟಣಕ್ಕೆ ಹೋದರು. ವಸಂತದಲ್ಲಿ ಬಂದು ನೋಡಿದರೆ ಪಕ್ಕದ ದೊಡ್ಡ ಎಸ್ಟೇಟಿನ ಬೇಲಿ ಅವರ ಬಾಗಿಲಿನ ಈಚೆಗೆ ಬಂದು ನಿಂತಿತ್ತು. ಮೂವತ್ತು ಸಾವಿರ ಕುರಿಗಳ ಆ ಎಸ್ಟೇಟಿನ ಮ್ಯಾನೇಜರ್ ಅರಿಸ್ತೆಗಿ ಟೋಪಿ ತೆಗೆದು, “ಮನೇಲಿ ಹೊಗೆ ಕಾಣಲಿಲ್ಲ, ಬಿಟ್ಟು ಹೋದಿರೇನೋ ಅಂದ್ಕೊಂಡ್ವಿ,” ಎಂದನಂತೆ. ನಮ್ಮದು ಸರ್ಕಾರಿ ಜಮೀನು. ಕಾಗದದಲ್ಲಿರುವುದು ಒಂದೇ ಮಾತು: ವಾಸ ಇರುವವರದು. ವಾಸಕ್ಕೆ ಸಾಕ್ಷಿ ಹೊಗೆ. ನನಗೆ ಐವತ್ತೆಂಟು ವರ್ಷ, ಗಂಡ ಸಿಪ್ರಿಯಾನೊ ಹೋಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಅರಿಸ್ತೆಗಿ ನನ್ನ ಹೊಗೆ ಆರುವುದನ್ನೇ ಕಾಯುತ್ತಿದ್ದಾನೆ. ಕಾಯಲಿ, ಕಣ್ಣು ನೋಯುವವರೆಗೂ ಕಾಯಲಿ.

ಜುಲೈ 8, ಶನಿವಾರ

ನಿನ್ನೆ ನಡುಮಧ್ಯಾಹ್ನ ಶುರುವಾದದ್ದು ಇನ್ನೂ ನಿಂತಿಲ್ಲ. ಬಾಗಿಲು ಅರ್ಧ ಮುಚ್ಚಿಹೋಗಿದೆ. ಸಲಿಕೆ ಹಿಡಿದು ಕೊಟ್ಟಿಗೆಯವರೆಗೆ ದಾರಿ ಮಾಡಿದೆ, ಹಿಂತಿರುಗುವಾಗ ಆ ದಾರಿಯೇ ಇರಲಿಲ್ಲ. ಮಾಡು, ಮುಚ್ಚು. ನೋಡೋಣ ಯಾರಿಗೆ ಮೊದಲು ಸುಸ್ತಾಗುತ್ತದೆ ಎಂದು ಆಕಾಶಕ್ಕೆ ಹೇಳಿ ಒಳಗೆ ಬಂದೆ.

ಗಾಳಿ ನುಗ್ಗುವ ಸಂದುಗಳಿಗೆಲ್ಲ ಹಸಿ ಉಣ್ಣೆ ತುರುಕಿ ಮೇಲೆ ಕೊಬ್ಬು ಸವರಿದೆ. ಕಿಟಕಿಗೆ ಎರಡು ಕುರಿಚರ್ಮ ಹೊಡೆದೆ. ರೇಡಿಯೊದಲ್ಲಿ ಮಬೆಲ್‌ಳ ಉಪದೇಶ ಬಂತು: ಒಂದು ಬೆರಳಿನಷ್ಟು ಕಿಟಕಿ ತೆರೆದಿಡಬೇಕಂತೆ, ಒಲೆಯ ಹೊಗೆಕೊಳವೆಯ ತುದಿಯನ್ನು ದಿನಾ ಕೋಲಿನಿಂದ ಬಡಿದು ಮಂಜು ಉದುರಿಸಬೇಕಂತೆ, ಕೆಂಡದ ಬೋಗುಣಿಯನ್ನು ಮಲಗುವ ಕಡೆ ಇಡಬಾರದಂತೆ. ಕಷ್ಟಪಟ್ಟು ಬೆಚ್ಚಗೆ ಮಾಡಿದ ಮನೆಗೆ ಕಿಟಕಿ ತೆರೆಯಬೇಕಂತೆ! ನಮ್ಮಮ್ಮ ಹೀಗೇ ಉಣ್ಣೆ ತುರುಕಿ ಏಳು ಮಕ್ಕಳನ್ನು ಸಾಕಿದಳು. ಐವರು ಬದುಕಿದ್ದೇವೆ.

ಇನ್ನೊಂದು ವಿಷಯವನ್ನೂ ಹೇಳಿದರು. ನೆರವು ಬೇಕಾದವರು ಚಾವಣಿಯ ಮೇಲೆ ಕೆಂಪು ಬಟ್ಟೆ ಹಾಸಬೇಕು, ಹೆಲಿಕಾಪ್ಟರ್ ಬಂದು ಮನೆಯಲ್ಲಿರುವ ಎಲ್ಲರನ್ನೂ ಎತ್ತಿಕೊಂಡು ಹೋಗುತ್ತದೆ. ಕ್ಷೇಮವಾಗಿರುವವರು ಕಪ್ಪು ಬಟ್ಟೆ ಹಾಸಬೇಕು. ನನ್ನ ಕಪ್ಪು ಲಂಗವನ್ನು ಆಗಲೇ ಕಲ್ಲು ಹೇರಿ ಹಾಸಿ ಬಂದೆ. ಓದಿಕೊಳ್ಳಲಿ.

ಮಾತ್ರೆ ನುಂಗಿದೆ.

ಜುಲೈ 9, ಭಾನುವಾರ

ತಲೆನೋವು. ಬಿ.ಪಿ. ಏರಿರಬೇಕು, ಇನ್ನೊಂದು ಮಾತ್ರೆ ತೆಗೆದುಕೊಂಡೆ. ಇವತ್ತು ದೇಶದ ಸ್ವಾತಂತ್ರ್ಯದ ಹಬ್ಬ, ಮಾಂಸದ ಜೊತೆ ಬೇಯಿಸೋಣವೆಂದು ಜೋಳ ನೆನೆ ಹಾಕಿದ್ದೆ. ಒಲೆ ಹತ್ತುತ್ತಿಲ್ಲ. ಕೊಳವೆ ಎಳೆಯುತ್ತಿಲ್ಲ. ಕೆಂಡವನ್ನು ಬೋಗುಣಿಗೆ ತುಂಬಿ ಮಂಚದ ಪಕ್ಕ ಇಟ್ಟುಕೊಂಡೆ. ಕಪಿತಾನ್ ವಾಂತಿ ಮಾಡಿದ. ಮುದಿನಾಯಿ. ಹೊರಗೆ ಬಿಸಿಲು ಬಂದ ಹಾಗಿದೆ. ಚರ್ಮದ ಸಂದಿನಲ್ಲಿ ಬೆಳಕು. ಎದ್ದು ನೋಡಬೇಕು. ಕಾಲು ಬರುತ್ತಿಲ್ಲ ಸ್ವಲ್ಪ ಮಲಗಿ ಆಮೇಲೆ ಏಳು

ಜುಲೈ 11, ಮಂಗಳವಾರ

ಆ ಮನುಷ್ಯ ನನ್ನ ಕಿಟಕಿ ಒಡೆದಿದ್ದಾನೆ.

ಸಿಪ್ರಿಯಾನೊ ನಲವತ್ತು ಕಿಲೋಮೀಟರ್ ದೂರದಿಂದ ಕುದುರೆಯ ಮೇಲೆ, ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ತಂದ ಗಾಜು. ಇಪ್ಪತ್ತಾರು ವರ್ಷ ಒಂದು ಗೀರೂ ಬಿದ್ದಿರಲಿಲ್ಲ. ನನಗೆ ಎಚ್ಚರವಾದಾಗ ನಾನು ಅಂಗಳದ ಹಿಮದಲ್ಲಿ ಬಿದ್ದಿದ್ದೆ, ಪಕ್ಕದಲ್ಲಿ ಕಪಿತಾನ್ ಬಿದ್ದಿದ್ದ, ಮೇಲೆ ನನ್ನ ಮೈದುನ ಅವೆಲಿನೊನ ಮುಖವಿತ್ತು. ಹನ್ನೊಂದು ವರ್ಷದಿಂದ ನಾನು ನೋಡದ ಮುಖ. ಮೀಸೆಯಿಂದ ಮಂಜುಗಡ್ಡೆ ನೇತಾಡುತ್ತಿತ್ತು.

“ಉಸಿರಾಡಿ ಅತ್ತಿಗೆ, ಉಸಿರಾಡಿ,” ಎನ್ನುತ್ತಿದ್ದ.

“ಕಿಟಕಿ ಯಾರು ಒಡೆದದ್ದು?” ಎಂದೆ.

ಆಮೇಲೆ ವಾಂತಿಯಾಯಿತು.

ಕೆಂಡದ ವಿಷಗಾಳಿಯಂತೆ. ಹೊಗೆಕೊಳವೆಯ ಬಾಯಿಗೆ ಮಂಜು ಕಟ್ಟಿ ಮುಚ್ಚಿತ್ತಂತೆ. ಅವನೇ ಚಾವಣಿ ಹತ್ತಿ ಬಡಿದು ಬಿಡಿಸಿ, ಒಲೆ ಹಚ್ಚಿದ್ದಾನೆ. ಇರಬಹುದು. ಬಾಗಿಲು ತಟ್ಟಬಹುದಿತ್ತಲ್ಲ. “ತಟ್ಟಿದೆ ಅತ್ತಿಗೆ. ತುಂಬಾ ಹೊತ್ತು ತಟ್ಟಿದೆ,” ಎಂದ. ಅವನು ತಟ್ಟುವುದು ಕಿವಿಗೆ ಬೀಳದಿದ್ದರೆ ಅದು ನನ್ನ ತಪ್ಪೇ?

ನನ್ನ ಮನೆಗೆ ಯಾಕೆ ಬಂದೆ ಎಂದು ಕೇಳಿದೆ. ನೆಲ ನೋಡುತ್ತಾ ಹೇಳಿದ: “ನನ್ನ ಚಾವಣಿ ಕುಸೀತು. ಹಿಮದ ಭಾರಕ್ಕೆ ತೊಲೆ ಮುರೀತು. ಬೇರೆ ಎಲ್ಲಿಗೆ ಹೋಗ್ಲಿ?”

ಕುಸಿಯದೆ ಇನ್ನೇನು! ಆ ತೊಲೆ ಎತ್ತಿದ ದಿನವೇ ಸಿಪ್ರಿಯಾನೊನಿಗೆ ಹೇಳಿದ್ದೆ, ನಿನ್ನ ತಮ್ಮ ಪೊರಕೆ ಕಡ್ಡಿಯ ಮೇಲೆ ತಗಡು ಹೊದಿಸುತ್ತಿದ್ದಾನೆ ಎಂದು. ಅವನ ಮನೆ ಇಲ್ಲಿಂದ ಎರಡು ಕಿಲೋಮೀಟರ್, ಮೇಲೆ, ಗುಡ್ಡದ ಭುಜದ ಆಚೆ. ಇಲ್ಲಿಂದ ಮನೆ ಕಾಣುವುದಿಲ್ಲ, ಹೊಗೆ ಮಾತ್ರ ಕಾಣುತ್ತದೆ. ಕಂಡರೂ ನಾನು ನೋಡುವುದಿಲ್ಲ.

ಹೊರಗೆ ಮತ್ತೆ ಬಿರುಗಾಳಿ ಶುರುವಾಗಿದೆ, ಅಟ್ಟುವಂತಿಲ್ಲ. ಒಲೆಯ ಆ ಮಗ್ಗುಲಲ್ಲಿ ಮಲಗು ಎಂದು ಕೋಲಿನಿಂದ ತೋರಿಸಿದೆ. ಒಡೆದ ಗಾಜಿನ ಜಾಗಕ್ಕೆ ಚರ್ಮ ಹೊಡೆದ, ಆದರೆ ಕೆಳಗಡೆ ಒಂದು ಬೆರಳು ಸಂದು ಬಿಟ್ಟ. ಮಬೆಲ್‌ಳ ಶಿಷ್ಯ.

ಜುಲೈ 12, ಬುಧವಾರ

ನಾನು ಅವನೊಂದಿಗೆ ಮಾತಾಡುವುದಿಲ್ಲ. ಹೇಳಬೇಕಾದದ್ದನ್ನು ಕಪಿತಾನ್‌ಗೆ ಹೇಳುತ್ತೇನೆ. “ಕಪಿತಾನ್, ಸೌದೆ ದಂಡ ಮಾಡೋರಿಗೆ ಈ ಮನೇಲಿ ಜಾಗ ಇಲ್ಲ ಕಣೋ.” ಅವನು ಒಲೆಗೆ ಹೇಳುತ್ತಾನೆ. “ಕೇಳಿದ್ಯಾ, ಹಸಿ ಸೌದೆ ಕೆಳಗಿಟ್ರೆ ನೀನು ಉರಿಯೋದು ಹೇಗೆ, ಪಾಪ.” ನಾಯಿ ಒಲೆಯನ್ನು ನೋಡುತ್ತದೆ.

ಮಟೆ ಎಲೆಯ ಕಷಾಯ ಮಾಡಿದೆ. ಒಬ್ಬಳೇ ಕುಡಿದರೆ ಗಂಟಲಲ್ಲಿ ಇಳಿಯುವುದಿಲ್ಲ, ಎದುರಿಗೆ ಮನುಷ್ಯ ಪ್ರಾಣಿ ಕೂತಿರುವಾಗ. ಕುಡಿಯುವ ಸೋರೆ ಬುರುಡೆಯನ್ನು ಅವನ ಕೈಗೆ ಕೊಡಲಿಲ್ಲ, ಮೇಜಿನ ನಡುವೆ ಇಟ್ಟೆ. ಕುಡಿದು ನಡುವೆಯೇ ಇಟ್ಟ. ಮತ್ತೆ ನೀರು ಸುರಿದೆ. ನಮ್ಮಲ್ಲಿ ಸಾಕೆಂದವನು ‘ಉಪಕಾರವಾಯಿತು’ ಎನ್ನಬೇಕು, ಅಲ್ಲಿಗೆ ಅವನ ಸರದಿ ಮುಗಿಯಿತು. ಎಂಟು ಸಲ ಕುಡಿದರೂ ಅವನು ಹೇಳಲಿಲ್ಲ. ಕಡೆಗೆ ನೀರೇ ಮುಗಿಯಿತು.

ಮಧ್ಯಾಹ್ನ ಗಾಳಿ ತಗ್ಗಿದಾಗ ಕುರಿಗಳನ್ನು ಹುಡುಕಲು ಹೊರಟೆ. ಹಿಂದೆಯೇ ಬಂದ, ಸಲಿಕೆ ಹಿಡಿದು, ಕುಂಟುತ್ತಾ. ಹಿಮದಡಿ ಹೂತ ಕುರಿಯ ಉಸಿರಿಗೆ ಮೇಲೆ ಸಣ್ಣ ಹಳದಿ ತೂತಾಗುತ್ತದೆ. ಅದನ್ನು ಗುರುತಿಸುವುದರಲ್ಲಿ ಅವನ ಕಣ್ಣು ಚುರುಕು, ಸುಳ್ಳು ಹೇಳಬಾರದು. ಮೂವತ್ತೊಂದನ್ನು ಜೀವಂತ ತೆಗೆದೆವು. ನಾಲ್ಕು ಸತ್ತಿದ್ದವು. ಅವನ ಕುರಿಗಳೂ ನನ್ನ ಬಂಡೆಯ ಮರೆಗೇ ಬಂದು ಸೇರಿಕೊಂಡಿದ್ದವು. ಒಡೆಯನಿಗಿಲ್ಲದ ಮರ್ಯಾದೆ ಅವುಗಳಿಗೂ ಇಲ್ಲ. ಹೂತವು, ಹೂಳದವು, ಇಬ್ಬರದೂ ಸೇರಿ ಇನ್ನೂರೈವತ್ತನ್ನೂ ಒಟ್ಟಿಗೇ ಕೊಟ್ಟಿಗೆಗೆ ದೂಡಿದೆವು.

ಮಾತ್ರೆ ಮರೆತಿದ್ದೆ. “ಕಪಿತಾನ್, ನಿಮ್ಮಮ್ಮ ಮಾತ್ರೆ ನುಂಗಿದ್ರಾ?” ಎಂದ. ನನ್ನ ನಾಯಿಯೊಂದಿಗೆ ಮಾತಾಡಲು ಅವನಿಗೆ ಯಾರು ಅಧಿಕಾರ ಕೊಟ್ಟದ್ದು?

ಜುಲೈ 13, ಗುರುವಾರ

ಇವತ್ತು ತಡೆಯಲಾಗಲಿಲ್ಲ. ರೊಟ್ಟಿ ಕರಿಯುತ್ತಿದ್ದೆ. ಅವನು ಬಂದು, ಕೊಬ್ಬು ಕಾಯುವ ಮೊದಲೇ ಹಾಕಿದಿರಿ ಎಂದ. ನೇರವಾಗಿ, ನಾಯಿಯ ಮೂಲಕ ಅಲ್ಲ. ಹನ್ನೊಂದು ವರ್ಷದ್ದು ಬಾಯಿಗೆ ಬಂತು.

“ನಿಮ್ಮಣ್ಣನ ಗುಂಡೀಲಿ ಮಣ್ಣು ಇನ್ನೂ ಹಸಿ ಇತ್ತು. ಎಲ್ಲರ ಎದುರಿಗೆ ಏನಂದೆ? ‘ಅತ್ತಿಗೆ, ಇದೆಲ್ಲ ಹೆಂಗಸಿನ ಕೈಲಿ ಆಗೋದಲ್ಲ, ಪಟ್ಟಣಕ್ಕೆ ಹೋಗಿ’ ಅಂದೆ. ಅಂದೆಯೋ ಇಲ್ವೋ?”

“ಅಂದೆ.”

“ಆಯ್ತಾ ಇಲ್ವಾ? ಹನ್ನೊಂದು ಚಳಿಗಾಲ! ಹೇಳು ಬಾಯಿಬಿಟ್ಟು, ಆಯ್ತಾ ಇಲ್ವಾ?”

ಅವನು ರೊಟ್ಟಿ ತಿರುವಿ ಹಾಕಿದ. “ನೀವು ಆವತ್ತು ಗಂಟು ಕಟ್ಟಿದ್ರಿ ಅತ್ತಿಗೆ. ನಾನು ನೋಡಿದ್ದೆ. ಹೋಗಬೇಡಿ ಅಂದಿದ್ರೆ ಹೋಗಿಬಿಡ್ತಿದ್ರಿ.”

“ಓಹೋ! ಹಾಗಾದ್ರೆ ನಾನು ಇಲ್ಲಿ ಉಳಿದದ್ದೂ ನಿನ್ನ ಜಾಣತನದಿಂದ!”

“ಇಲ್ಲ ಅತ್ತಿಗೆ. ನಾನು ಮೂರ್ಖತನದಿಂದಲೇ ಅಂದದ್ದು. ಆಮೇಲೆ ಒಳ್ಳೇದೇ ಆಯ್ತು ಅಂತ ಅನ್ನಿಸ್ತು, ಅಷ್ಟೆ.”

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ಆ ಗಂಟಿನ ವಿಷಯ ನಿಜ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ. ಅವತ್ತು ರಾತ್ರಿಯೇ ಸಿಟ್ಟಿನಲ್ಲಿ ಬಿಚ್ಚಿ ಹಾಕಿದ್ದೆ.

ರೊಟ್ಟಿ ಚೆನ್ನಾಗಿ ಉಬ್ಬಿತ್ತು. ಅವನು ಆರು ತಿಂದ.

ಜುಲೈ 14, ಶುಕ್ರವಾರ

ಬೂಟು ಬಿಚ್ಚದೆಯೇ ಮಲಗುತ್ತಿದ್ದಾನೆ, ಕೊಳಕ, ಎಂದುಕೊಂಡಿದ್ದೆ. ಇವತ್ತು ವಾಸನೆ ಬಂತು. ಅವನು ನಿದ್ದೆಯಲ್ಲಿದ್ದಾಗ ಎಡಗಾಲಿನ ಬೂಟನ್ನು ಚಾಕುವಿನಿಂದ ಸೀಳಿದೆ. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಬೆರಳುಗಳು ಕಪ್ಪಗಾಗಿವೆ. ಎರಡಂತೂ ಸುಟ್ಟ ಕಡ್ಡಿಯ ಹಾಗಿವೆ.

ಬರುವಾಗ ತೊರೆಯ ಮಂಜುಗಡ್ಡೆ ಒಡೆದು ಮೊಣಕಾಲಿನವರೆಗೆ ನೀರಿಗೆ ಇಳಿದಿದ್ದನಂತೆ. ಆ ಕಾಲಿನಲ್ಲಿ ನನ್ನ ಚಾವಣಿ ಹತ್ತಿದ್ದಾನೆ. ಆ ಕಾಲಿನಲ್ಲಿ ಎರಡು ದಿನ ಕುರಿ ಅಗೆದಿದ್ದಾನೆ.

“ಕೆಂಪು ಬಟ್ಟೆ ಹಾಕ್ತೀನಿ,” ಎಂದೆ.

ಎದ್ದು ಕೂತ. ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇಲ್ಲ. “ಹಾಕಬೇಡಿ! ಬಂದ್ರೆ ಮನೇಲಿರೋ ಎಲ್ರನ್ನೂ ಎತ್ಕೊಂಡು ಹೋಗ್ತಾರೆ. ಅದು ಅವರ ಆರ್ಡರು. ನಿಮ್ಮ ಹೊಗೆ ಆರುತ್ತೆ. ಅರಿಸ್ತೆಗಿಗೆ ಒಂದು ವಾರ ಸಾಕು. ಬೆರಳು ತಾನೇ, ಹೋದ್ರೆ ಹೋಗ್ಲಿ. ಬೇಲಿ ಬಂದ್ರೆ ಹಿಂದಕ್ಕೆ ಹೋಗಲ್ಲ.”

“ಬೆರಳಿಗೇ ನಿಲ್ಲುತ್ತೆ ಅಂತ ನಿಂಗ್ಯಾರು ಹೇಳಿದ್ರು?”

ಉಪ್ಪುನೀರು ಕಾಸಿ ತೊಳೆದು ಕಟ್ಟಿದೆ.

ಬಟ್ಟೆ ಹಾಕಲಿಲ್ಲ. ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ಅವನು ಬೇಡ ಎಂದದ್ದರಿಂದಲ್ಲ. ನನಗೇ ಈ ಮನೆ ಬಿಡಲು ಭಯವಾಯಿತು. ಅವನ ಕಾಲನ್ನೂ ನನ್ನ ಒಲೆಯನ್ನೂ ಎದುರೆದುರು ಇಟ್ಟು ಇಡೀ ಸಂಜೆ ತೂಗಿದೆ. ತೂಗಿದ್ದಕ್ಕೇ ನನ್ನ ಮೇಲೆ ನನಗೆ ಅಸಹ್ಯವಾಗಿದೆ.

ಜುಲೈ 15, ಶನಿವಾರ

ಬೆಳಗ್ಗೆ ಅವೆಲಿನೊನ ಮೈ ಸುಡುತ್ತಿತ್ತು. ಅಣ್ಣನನ್ನು ಕರೆಯುತ್ತಿದ್ದ.

ಪೆಟ್ಟಿಗೆಯಿಂದ ಸಿಪ್ರಿಯಾನೊನ ಕೆಂಪು ಪೋಂಚೊ ತೆಗೆದೆ. ಮದುವೆಯ ದಿನ ಹೊದ್ದದ್ದು. ಏಣಿ ಹಾಕಿ ಮೇಲೆ ಹತ್ತಿ, ಕಪ್ಪು ಲಂಗ ಎಳೆದು ಎಸೆದು, ಅದನ್ನು ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟೆ. ಬರಲಿ. ನನ್ನನ್ನು ಎತ್ತಿಕೊಂಡು ಹೋಗಬೇಕಾದರೆ ಒಲೆಯ ಸಮೇತ ಎತ್ತಬೇಕು, ಆ ಒಲೆ ಇನ್ನೂರು ಕೇಜಿ ಇದೆ.

ಇಳಿಯುವ ಮೊದಲು ಹೊಗೆಕೊಳವೆಯ ತುದಿ ಬಡಿದೆ. ದಿನಾ ಬಡಿಯುತ್ತಿದ್ದೇನೆ.

ಜುಲೈ 16

ಗಾಳಿ. ಯಾರೂ ಬರಲಿಲ್ಲ. ಜ್ವರ ಹಾಗೇ ಇದೆ. ಪೋಂಚೊದ ಮೇಲಿನ ಹಿಮವನ್ನು ಐದು ಸಲ ಹತ್ತಿ ಗುಡಿಸಿದೆ. ಒಮ್ಮೆ ಕಣ್ಣು ಬಿಟ್ಟು, “ನಿಮಗೆ ಮೊದಲಿಂದ್ಲೂ ಹೇಳಿದ ಮಾತು ಕೇಳೋ ಅಭ್ಯಾಸ ಇಲ್ಲ,” ಎಂದ. ಇಲ್ಲ, ಮಲಗು ಎಂದೆ.

ಜುಲೈ 17, ಸೋಮವಾರ

ಬಂತು. ಅಂಗಳದ ಹಿಮವನ್ನೆಲ್ಲ ನನ್ನ ಗೋಡೆಗೆ ಎರಚಿಕೊಂಡು ಇಳಿಯಿತು. ಕುರಿಗಳಿಗೆ ಹುಚ್ಚು ಹಿಡಿದಂತಾಯಿತು. ಇಬ್ಬರು ಸಿಪಾಯಿಗಳು, ಒಬ್ಬ ಸಾರ್ಜೆಂಟ್, ಹಿಂದೆಯೇ ಉಬ್ಬಿದ ಕೋಟಿನಲ್ಲಿ ಮಬೆಲ್ ಇಳಿದರು. ಅವಳು ಕಾಲು ನೋಡಿ ತುಟಿ ಕಚ್ಚಿದಳು. “ಇನ್ನು ಎರಡು ದಿನ ಬಿಟ್ಟಿದ್ರೆ ಮೊಣಕಾಲಿನವರೆಗೆ ತೆಗೀಬೇಕಾಗ್ತಿತ್ತು.” ಶುಕ್ರವಾರವೇ ಹಾಕಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಾರ್ಜೆಂಟ್ ನನಗೂ ಹತ್ತಿ ಎಂದ.

“ನನಗೇನು ಕಾಯಿಲೆ?”

“ಆರ್ಡರ್ ಇದೆ ಅಮ್ಮ. ಮನೇಲಿ ಯಾರನ್ನೂ ಬಿಟ್ಟು ಬರೋ ಹಾಗಿಲ್ಲ.”

“ಸರಿ. ನಿಮ್ಮ ಯಂತ್ರದಲ್ಲಿ ಇನ್ನೂರೈವತ್ತು ಕುರಿ ಹಿಡಿಸುತ್ತಾ? ಮೊದಲು ಅವು ಹತ್ತಲಿ, ಆಮೇಲೆ ನಾನು.”

ಅವನು ಮಬೆಲ್‌ಳ ಮುಖ ನೋಡಿದ. ಅವಳು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. “ನೂರ ಮೂವತ್ತಕ್ಕೆ ಎಂಬತ್ತು. ಸಾರ್ಜೆಂಟ್, ಇದು ನಿಮ್ಮದಕ್ಕಿಂತ ಚೆನ್ನಾಗಿದೆ. ಬಿಡಿ ಇವರನ್ನ. ಎಲ್ಲಿ ಡೊರಾಲಿಸಮ್ಮ, ಆ ನೋಟ್‌ಬುಕ್ ಕೊಡಿ, ಮಾತ್ರೆ ಗುರುತು ನೋಡ್ತೀನಿ.” ಒಲೆಗೆ ಬಿತ್ತು ಎಂದೆ. ಅದು ಲಂಗದ ಜೇಬಿನಲ್ಲಿತ್ತು.

ಸ್ಟ್ರೆಚರ್‌ನಲ್ಲಿ ಮಲಗಿಸಿದ ಮೇಲೆ ಅವನಿಗೆ ಒಂದು ಬುರುಡೆ ಮಟೆ ಕುಡಿಸಿದೆ. ಕೈಗೇ ಕೊಟ್ಟೆ. ಪೂರ್ತಿ ಹೀರಿ ಹಿಂದಕ್ಕೆ ಕೊಟ್ಟ, ‘ಉಪಕಾರವಾಯಿತು’ ಎನ್ನಲಿಲ್ಲ. “ಅತ್ತಿಗೆ, ನನ್ನ ಮನೆ ಕಡೆ ಹೋಗಬೇಡಿ. ತೊಲೆ ನೇತಾಡ್ತಿದೆ, ತಲೆ ಮೇಲೆ ಬಿದ್ದೀತು.” ಬೀಳಲಿ, ಹೋಗುವ ದರ್ದು ನನಗೇನಿದೆ ಎಂದೆ.

ಮನೆ ದೊಡ್ಡದಾಗಿಬಿಟ್ಟಿದೆ. ಕಪಿತಾನ್ ಒಲೆಯ ಆ ಮಗ್ಗುಲಲ್ಲಿ ಮಲಗಿದ್ದಾನೆ.

ಜುಲೈ 19, ಬುಧವಾರ

ರೇಡಿಯೊ: “ಡೊರಾಲಿಸಾ ಪೈನೆಫಿಲ್ ಅವರಿಗೆ ಮೈದುನ ಅವೆಲಿನೊ ತಿಳಿಸುವುದು: ಎರಡು ಬೆರಳು ಹೋದವು, ಪಾದ ಉಳಿಯಿತು. ಊಟದಲ್ಲಿ ಉಪ್ಪಿಲ್ಲ. ನನ್ನ ಮನೆ ಕಡೆ ದಯವಿಟ್ಟು ಹೋಗಬೇಡಿ, ಅಪಾಯ.” ಪಾದ ಉಳಿಯಿತು. ಅದನ್ನು ಕೇಳಿ ಕುರ್ಚಿಯ ಮೇಲೆ ಕೂತುಬಿಟ್ಟೆ.

ನಾಲ್ಕು ಗಂಟೆಗೆ ಕುದುರೆಯ ಗೊರಸಿನ ಸದ್ದಾಯಿತು. ಅರಿಸ್ತೆಗಿ. ಹೊಸ ಕೋಟು, ಬೂಟಿಗೆ ಕೊಬ್ಬು ಸವರಿದ ಹೊಳಪು. ಟೋಪಿ ತೆಗೆದ.

“ಡೊರಾಲಿಸಮ್ಮನವರೇ, ಹೇಗಿದ್ದೀರಿ? ಒಬ್ಬರೇ ಎಷ್ಟು ಕಷ್ಟ ಪಡ್ತೀರಿ. ಒಂದು ಮಾತು ಹೇಳಿ, ನಮ್ಮ ಗಾಡೀಲಿ ಪಟ್ಟಣಕ್ಕೆ ಬಿಡಿಸ್ತೀನಿ.”

ಕೋಳಿಯನ್ನು ಕೇಳಿ ಮಸಾಲೆ ಅರೆಯುವ ದಯೆ ಇವನದು. “ಹೊಗೆ ಕಾಣ್ತಿದೆಯಾ?” ಎಂದೆ.

ಕೊಳವೆ ನೋಡಿ ನಕ್ಕ. “ನಿಮ್ಮದು ಕಾಣ್ತಿದೆ. ಮೇಲಿನ ಮನೇದು ಕಾಣ್ತಿಲ್ಲ. ಹತ್ತು ದಿನ ಆಯ್ತು. ಪಾಪ, ಅವೆಲಿನೊ ಇನ್ನು ಬರೋದು ಕಷ್ಟ ಅಂತ ಕೇಳ್ದೆ. ಸೋಮವಾರ ನಮ್ಮ ಹುಡುಗರನ್ನ ಕಳಿಸಿ ಒಂದು ಸಲ ನೋಡಿಸ್ತೀನಿ.”

ಆ ಹುಡುಗರು ನೋಡಲು ಹೋಗುವಾಗ ತಂತಿ ಸುರುಳಿ ಹೊತ್ತುಕೊಂಡು ಹೋಗುತ್ತಾರೆ. ಬೇಲಿ ಅಲ್ಲಿಗೆ ಬಂದರೆ ನಮ್ಮ ನೀರಿನ ತೊರೆಯೂ ಹೋಯಿತು. ತೊರೆ ಇರಲಿ, ಇಲ್ಲದಿರಲಿ. ನಮ್ಮ ಅವೆಲಿನೊ ಊರುಗೋಲು ಹಿಡಿದು ಬಂದಾಗ ಬಾಗಿಲ ಮುಂದೆ ತಂತಿ ಕಾಣಬಾರದು. ಚಾವಣಿ ಬಿದ್ದರೇನು, ಒಲೆ ಇದ್ದೇ ಇರುತ್ತದೆ. ಆಕಾಶದ ಕೆಳಗೇ ಹಚ್ಚುತ್ತೇನೆ.

ಜುಲೈ 20, ಗುರುವಾರ

ದನದ ಚರ್ಮದ ಮೇಲೆ ಸೌದೆ, ಬೆಂಕಿಪೊಟ್ಟಣ, ಸಲಿಕೆ ಹೇರಿ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಬೆಳಗ್ಗೆ ಒಂಬತ್ತಕ್ಕೆ ಹೊರಟೆ. ಎರಡು ಕಿಲೋಮೀಟರ್‌ಗೆ ಮೂರು ಗಂಟೆ ಹಿಡಿಯಿತು. ತೊರೆಯ ಹತ್ತಿರ ಮಂಜುಗಡ್ಡೆ ಒಡೆದ ಗುರುತು ಇನ್ನೂ ಇತ್ತು. ಅಲ್ಲಿ ಸುತ್ತಿ ಹೋದೆ. ಗುಡ್ಡದ ಭುಜ ದಾಟಿದೆ.

ಮನೆ ನಿಂತಿತ್ತು. ಚಾವಣಿಯೂ ನಿಂತಿತ್ತು.

ಒಂದು ತಗಡೂ ಅಲುಗಿಲ್ಲ. ಸುತ್ತಲೂ ಎರಡು ಸಲ ನಡೆದು ನೋಡಿದೆ. ಒಳಗೆ ಹೋಗಿ ತೊಲೆಯನ್ನು ಸಲಿಕೆಯಿಂದ ಬಡಿದೆ. ಇಪ್ಪತ್ತು ವರ್ಷ ನಾನು ಆಡಿಕೊಂಡ ಆ ಪೊರಕೆ ಕಡ್ಡಿ ಕಲ್ಲಿನ ಹಾಗಿದೆ. ಸೌದೆ ಎದೆಯೆತ್ತರಕ್ಕೆ ಒಟ್ಟಿದೆ. ಒಲೆಯ ಮೇಲೆ ಪಾತ್ರೆ, ಪಾತ್ರೆಯಲ್ಲಿ ಹಬ್ಬಕ್ಕೆ ನೆನೆ ಹಾಕಿದ ಜೋಳ, ಗಡ್ಡೆ ಕಟ್ಟಿದೆ. ಹಬ್ಬದ ದಿನ ಅಡುಗೆ ಅರ್ಧಕ್ಕೆ ಬಿಟ್ಟು ಎದ್ದಿದ್ದಾನೆ.

ಮನೆಯಲ್ಲಿ ಒಂದೇ ಕುರ್ಚಿ. ಅದು ಕಿಟಕಿಯ ಹತ್ತಿರ ಇದೆ. ಕಿಟಕಿಯ ಕಟ್ಟೆಯ ಮೇಲೆ ಮಟೆ ಬುರುಡೆ ಇಟ್ಟೂ ಇಟ್ಟೂ ಬಿದ್ದ ವೃತ್ತದ ಕಲೆಗಳು, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು. ಕೂತು ನೋಡಿದೆ. ಅಲ್ಲಿಂದ ಬೇರೇನೂ ಕಾಣುವುದಿಲ್ಲ. ಗುಡ್ಡದ ಭುಜದ ಕೆಳಗಿನಿಂದ ಏಳುವ ನನ್ನ ಹೊಗೆ ಮಾತ್ರ.

ಭಾನುವಾರ ಒಂದು ಗಳಿಗೆ ಬಿಸಿಲು ಬಂದಿತ್ತು. ಆಗ ಇಲ್ಲಿ ಕೂತು ನೋಡಿದ್ದಾನೆ, ಹೊಗೆ ಕಂಡಿಲ್ಲ.

“ಸುಳ್ಳ!” ಎಂದು ಕೂಗಿದೆ. “ಸುಳ್ಳ, ಕಳ್ಳ, ಹನ್ನೊಂದು ವರ್ಷ!” ಖಾಲಿ ಮನೆಗೆ ಕೂಗಿದೆ, ಕಪಿತಾನ್ ಹೆದರಿ ಬೊಗಳಿದ. ಆಮೇಲೆ ಅತ್ತೆ. ಸಿಪ್ರಿಯಾನೊ ಸತ್ತಾಗಲೂ ಅಷ್ಟು ಗಟ್ಟಿಯಾಗಿ ಅತ್ತಿರಲಿಲ್ಲ. ಎರಡು ಬೆರಳು. ನಾನು ಅವನಿಗೆ ಗಾಜಿನ ಲೆಕ್ಕ ಕೇಳಿದ್ದೆ.

ಕಣ್ಣೊರೆಸಿಕೊಂಡು ಚಾವಣಿ ಹತ್ತಿ ಕೊಳವೆ ಬಡಿದೆ. ಕಿಟಕಿಯನ್ನು ಒಂದು ಬೆರಳು ತೆರೆದೆ. ಒಲೆ ಹಚ್ಚಿದೆ.

ಜುಲೈ 21, ಶುಕ್ರವಾರ

ಕುರಿಗಳಿಗೆ ಮೇವು ಹಾಕಿ ಮೇಲಕ್ಕೆ ಹೋಗಿ ಒಲೆ ಹಚ್ಚಿ, ಇಳಿದು ಬಂದೆ. ದಾರಿ ಬಿದ್ದಿದೆ, ಎರಡೇ ಗಂಟೆ. ಸೊಂಟ ನೋವು. ಮಾತ್ರೆ ನುಂಗಿದೆ.

ಜುಲೈ 24, ಸೋಮವಾರ

ಶನಿವಾರ ಹಿಮ ತೆಗೆಯುವ ಯಂತ್ರ ನಮ್ಮ ರಸ್ತೆಯ ತುದಿಗೆ ಬಂದಿತ್ತು. ರೇಡಿಯೊಗೆ ಕೊಡು ಎಂದು ಡ್ರೈವರ್ ಕೈಯಲ್ಲಿ ಒಂದು ಚೀಟಿ ಕಳಿಸಿದ್ದೆ.

ಇವತ್ತು ಬೇಗನೆ ಮೇಲಕ್ಕೆ ಬಂದು, ಹಸಿ ಪೊದೆಯನ್ನೂ ಸೇರಿಸಿ ಒಲೆ ತುಂಬಿ, ಆ ಕುರ್ಚಿಯಲ್ಲಿ ಕೂತೆ. ಹತ್ತೂವರೆಗೆ ಮೂವರು ಕುದುರೆ ಸವಾರರು ಬಂದರು, ಜೀನಿಗೆ ತಂತಿ ಸುರುಳಿ ಕಟ್ಟಿಕೊಂಡು. ಅಂಗಳದಾಚೆ ನಿಂತು ಹೊಗೆಯನ್ನು ನೋಡಿದರು. ಒಬ್ಬ ಟೋಪಿ ಎತ್ತಿ ತಲೆ ಕೆರೆದುಕೊಂಡ. ನಾನು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಒಳಗೆ ಬನ್ನಿ, ಮಟೆ ಕುಡಿದು ಹೋಗಿ ಎಂದು ಕೂಗಿದೆ. ಬರಲಿಲ್ಲ. ಬಂದ ದಾರಿಯಲ್ಲೇ ಹೋದರು.

ಮಧ್ಯಾಹ್ನ ಅವನ ರೇಡಿಯೊ ಹಾಕಿದೆ. ಎರಡು ಕುದುರೆ, ಒಂದು ಸಾವು, ಒಂದು ಹೆರಿಗೆ. ಆಮೇಲೆ ಉದ್ಘೋಷಕ ಗಂಟಲು ಸರಿಮಾಡಿಕೊಂಡು ಓದಿದ:

“ಆಸ್ಪತ್ರೆಯಲ್ಲಿರುವ ಅವೆಲಿನೊ ಅವರಿಗೆ ಅತ್ತಿಗೆ ಡೊರಾಲಿಸಾ ತಿಳಿಸುವುದು: ನಿನ್ನ ಬಿದ್ದ ಚಾವಣಿಯನ್ನು ಎತ್ತಿ ನಿಲ್ಲಿಸಿದ್ದೇನೆ. ಅರ್ಧ ದಿನದ ಕೆಲಸ. ಹೆಂಗಸಿನ ಕೈಲೇ ಆಯಿತು. ಎರಡೂ ಒಲೆ ಉರಿಯುತ್ತಿವೆ. ಬರುವಾಗ ಕಿಟಕಿಗೆ ಒಂದು ಗಾಜು ತಾ.”

ಬ್ಯಾಟರಿ ಉಳಿಸಲು ರೇಡಿಯೊ ಆರಿಸಿದೆ. ಕಿಟಕಿಯಿಂದ ನೋಡಿದರೆ ಕೆಳಗೆ ನನ್ನ ಮನೆಯ ಹೊಗೆ ತೆಳ್ಳಗಾಗುತ್ತಿತ್ತು. ಇಲ್ಲಿಯ ಒಲೆಗೆ ಎರಡು ದೊಡ್ಡ ಬೇರು ತುರುಕಿ, ಅಲ್ಲಿಗೆ ಸೌದೆ ಹಾಕಲು ಇಳಿದು ಬಂದೆ.